ಹಳೇ ಸ್ಪಿಟ್‌ಫೈರ್‌ಗೆ ಜಿಪ್ಸಿ ಎಂಜಿನ್: ಅದಕ್ಕೂ ಮುಂಚೆ ಏನೇನು ಮಾಡಿಕೊಳ್ಳಬೇಕು?

ಗಿರಿ_ರಸ್ತೆ · ನವೆಂಬರ್ 3

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು, ಆಲ್ದೂರು ಕಡೆಯವನು. ನಮ್ಮ ತೋಟದ ಮನೆಯ ಶೆಡ್ಡಿನಲ್ಲಿ ಒಂದು ಟ್ರಯಂಫ್ ಸ್ಪಿಟ್‌ಫೈರ್ ಇದೆ, ಬ್ರಿಟನ್ನಿನ ಎರಡು ಸೀಟಿನ ತೆರೆದ ಕಾರು. 1966ರ ಗಾಡಿ, ಮಾರ್ಕ್ 2. ಅಜ್ಜ ಕೊಂಡಿದ್ದು. ನಾನು ಶಾಲೆಗೆ ಹೋಗುವಾಗ ಅದರ ಬಾನೆಟ್ ಮೇಲೆ ಕಾಫಿ ಚೀಲ ಒಟ್ಟಿರುತ್ತಿದ್ದರು. ಆ ಚೀಲಗಳನ್ನು ಇಳಿಸಿ ಗಾಡಿಯನ್ನು ಹೊರಗೆ ತಂದಿದ್ದು ಎರಡು ವರ್ಷದ ಹಿಂದೆ.

ಎಂಜಿನ್ 1147 ಸಿಸಿ. ಹೊಸದಿದ್ದಾಗ 67 ಹಾರ್ಸ್‌ಪವರ್ ಕೊಡುತ್ತಿತ್ತು. ಈಗ ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಆದರೆ ಕೈಮರ ದಾಟಿ ಗಿರಿ ಹತ್ತುವಾಗ ಎರಡನೇ ಗೇರ್ ಬಿಡುವ ಹಾಗಿಲ್ಲ, ನೀಲಿ ಹೊಗೆ ಬೇರೆ. ಕ್ಲಚ್ ಒತ್ತಿದರೆ ಎಂಜಿನ್ ಸದ್ದೂ ಸ್ವಲ್ಪ ಬದಲಾಗುತ್ತದೆ. ಮಾರುತಿ ಜಿಪ್ಸಿಯ ಎಂಪಿಎಫ್ಐ ಎಂಜಿನ್ (ಕಾರ್ಬೊರೇಟರ್ ಬದಲು ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್‌ನದು), ಅದರದೇ ಐದು ಗೇರಿನ ಗೇರ್‌ಬಾಕ್ಸ್ ಜೊತೆಗೆ ಹಾಕಿಸಬೇಕು ಅಂತ ಯೋಚನೆ. ಒಂದು ನೋಡಿಟ್ಟಿದ್ದೇನೆ, ಇನ್ನೂ ದುಡ್ಡು ಕೊಟ್ಟಿಲ್ಲ.

ಹುಚ್ಚು ವೇಗ ನನಗೆ ಬೇಡ. ಗಿರಿ ಹತ್ತಬೇಕು, ಚಾರ್ಮಾಡಿ ಇಳಿದು ವಾಪಸ್ ಬರಬೇಕು, ದಾರಿಯಲ್ಲಿ ನಿಲ್ಲಬಾರದು. ನನ್ನ ಪ್ರಶ್ನೆ ಎಂಜಿನ್ ಬಗ್ಗೆ ಅಲ್ಲ. ಎಂಜಿನ್ ಕೂರಿಸುವ ಮುಂಚೆ ಗಾಡಿಗೆ ಏನೇನು ಮಾಡಿಕೊಳ್ಳಬೇಕು, ಯಾವುದು ಮೊದಲು, ಯಾವುದು ಆಮೇಲೆ? ಇದನ್ನು ಕೈಯಾರೆ ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ.

ಜಿಪ್ಸಿ1300 · ನವೆಂಬರ್ 3

ಒಳ್ಳೆ ಆಯ್ಕೆ ಸಾರ್! ನಾನು ಸಕಲೇಶಪುರ. ಇಪ್ಪತ್ತು ವರ್ಷದಿಂದ ಜಿಪ್ಸಿ ಬಿಟ್ಟು ಬೇರೆ ಓಡಿಸಿಲ್ಲ. ಆ ಎಂಜಿನ್ 1298 ಸಿಸಿ, 16 ವಾಲ್ವ್, 6000 ಆರ್‌ಪಿಎಂಗೆ 80 ಹಾರ್ಸ್‌ಪವರ್, 103 ನ್ಯೂಟನ್ ಮೀಟರ್ ಟಾರ್ಕ್. ಬ್ಲಾಕ್ ಅಲ್ಯೂಮಿನಿಯಂ. ನಿಮ್ಮ ಹಳೇ ಬೀಡು ಕಬ್ಬಿಣದ ಎಂಜಿನ್‌ಗಿಂತ ಹಗುರ, ಹಾಗಾಗಿ ಗಾಡಿಯ ಮೂತಿ ಭಾರ ಆಗಲ್ಲ.

ಒಂದು ಮಾತು ನೆನಪಿಡಿ. ಮಾರುತಿ ಎಸ್ಟೀಮ್ ಕಾರಿನಲ್ಲೂ ಇದೇ ಮನೆತನದ ಎಂಜಿನ್ ಇದೆ, ಅಗ್ಗಕ್ಕೂ ಸಿಗುತ್ತದೆ, ಆದರೆ ಅದು ಅಡ್ಡ ಕೂರುವ ಎಂಜಿನ್, ಗೇರ್‌ಬಾಕ್ಸ್ ಮುಂದಿನ ಚಕ್ರಕ್ಕೆ. ನಿಮಗೆ ಬೇಕಿರುವುದು ಉದ್ದಕ್ಕೆ ಕೂರುವ ಜಿಪ್ಸಿಯದ್ದೇ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಬೇರೆಯೇ ಕೂತಿರುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟ್. ಅದನ್ನು ಬಿಟ್ಟರೆ ಗೇರ್‌ಬಾಕ್ಸಿನಿಂದ ನೇರ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಎಳೆಯಬಹುದು.

ಆದರೆ ಸ್ಪೀಡೋಮೀಟರ್ ಕೇಬಲ್ ಬರುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದನ್ನು ಬಿಟ್ಟರೆ ಸ್ಪೀಡೋ ಸತ್ತ ಹಾಗೆ. ಕ್ಲಚ್ಚೂ ಕೇಬಲ್ಲಿನದು, ನಿಮ್ಮದು ಹೈಡ್ರಾಲಿಕ್. ಇವೆರಡಕ್ಕೂ ಮೊದಲೇ ದಾರಿ ಹುಡುಕಿಕೊಳ್ಳಿ. ಉಳಿದಿದ್ದು ಒಂದು ವಾರದ ಕೆಲಸ.

ಹೆರಾಲ್ಡ್_ಮನೆ · ನವೆಂಬರ್ 4

ಒಂದು ವಾರದ ಕೆಲಸ ಅಲ್ಲ. ದಯವಿಟ್ಟು ಆತುರ ಮಾಡಬೇಡಿ.

ನಾನು ಮೂಡಿಗೆರೆ. ನಮ್ಮ ಮನೆಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಮದರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಗಾಡಿ. ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ. ಎರಡಕ್ಕೂ ಆಕಾರ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ಮುಂದಿನ ಸಸ್ಪೆನ್ಷನ್, ಸ್ಟೀರಿಂಗ್, ಹಿಂದಿನ ಆಕ್ಸಲ್ ಎಲ್ಲ ಅಣ್ಣ ತಮ್ಮಂದಿರ ಹಾಗೆ. ಅದಕ್ಕೇ ನಮ್ಮ ಹೆರಾಲ್ಡ್ ಮೇಲೆ ಕಲಿತ ಪಾಠ ನಿಮಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಟ್ರನಿಯನ್ ನೋಡಿ. ಮುಂದಿನ ಚಕ್ರದ ಕೆಳಗಡೆ ಒಂದು ಹಿತ್ತಾಳೆ ಬಣ್ಣದ ತುಂಡು ಇದೆ ಅಲ್ವಾ, ಅದರೊಳಗೆ ಉಕ್ಕಿನ ಕಡ್ಡಿಯ ತಿರುಪು ಕೂತಿದೆ. ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪಿನ ಮೇಲೆ ಚಕ್ರ ತಿರುಗುತ್ತದೆ. ಅದಕ್ಕೆ ಗ್ರೀಸ್ ಅಲ್ಲ, ಗೇರ್ ಆಯಿಲ್ ಹಾಕಬೇಕು, ಇಪಿ 90. ಗ್ರೀಸ್ ತುಂಬಿದರೆ ಅದು ಗಟ್ಟಿಯಾಗಿ ಕೂತು ತಿರುಪಿನ ಆಳಕ್ಕೆ ಎಣ್ಣೆ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಒಳಗೇ ತುಕ್ಕು ತಿನ್ನುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ಒಂದು ದಿನ ಕಡ್ಡಿ ಮುರಿಯುತ್ತದೆ, ಚಕ್ರ ಗಾಡಿಯ ಅಡಿಗೆ ಮಡಚಿಕೊಳ್ಳುತ್ತದೆ. ನನಗೆ ಅದು ಆಗಿದ್ದು ಮನೆಯ ಗೇಟಿನಲ್ಲಿ ಗಾಡಿ ತಿರುಗಿಸುವಾಗ, ನಡೆಯುವ ವೇಗದಲ್ಲಿ. ಪಕ್ಕದಲ್ಲಿ ಅಮ್ಮ ಕೂತಿದ್ದರು. ಅದೇ ಕಣಿವೆ ರಸ್ತೆಯಲ್ಲಿ ಆಗಿದ್ದರೆ ಅಂತ ಯೋಚಿಸಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಸಿಲ್. ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆ. ಇಲ್ಲಿ ಹೆರಾಲ್ಡ್‌ಗೂ ಸ್ಪಿಟ್‌ಫೈರ್‌ಗೂ ವ್ಯತ್ಯಾಸ ಇದೆ. ಹೆರಾಲ್ಡ್‌ಗೆ ಚಾಸಿಯ ಪಕ್ಕದಲ್ಲೂ ಕಂಬಿ ಇವೆ. ಸ್ಪಿಟ್‌ಫೈರ್‌ಗೆ ಇಲ್ಲ, ನಡುವಿನ ಬೆನ್ನೆಲುಬು ಮಾತ್ರ. ಹಾಗಾಗಿ ಸಿಲ್ಲೇ ಗಾಡಿಗೆ ಪಕ್ಕೆಲುಬು. ಸಿಲ್ ಕೊಳೆತಿದ್ದರೆ ಎಷ್ಟು ಒಳ್ಳೆ ಎಂಜಿನ್ ಹಾಕಿದರೂ ಗಾಡಿ ನಡುವಿನಲ್ಲಿ ಬಾಗುತ್ತದೆ.

ಮೂರನೆಯದು ಹಿಂದಿನ ಆಕ್ಸಲ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪವರ್ ಜಾಸ್ತಿ ಮಾಡುವವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನಿಮ್ಮ ಗಾಡಿಯದು ಸ್ವಿಂಗ್ ಆಕ್ಸಲ್. ಶಾಫ್ಟು ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಹತ್ತಿರ ಮಾತ್ರ ಮಡಚುತ್ತದೆ, ಚಕ್ರದ ಹತ್ತಿರ ಮಡಚುವುದಿಲ್ಲ. ಮೇಲೆ ಒಂದು ಅಡ್ಡ ಪಟ್ಟಿ ಸ್ಪ್ರಿಂಗ್. ತಿರುವಿನಲ್ಲಿ ಜೋರಾಗಿ ಹೋಗುತ್ತಾ ಹೆದರಿ ತಟ್ಟನೆ ಆಕ್ಸಲರೇಟರ್ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಗಾಡಿಯ ಹಿಂಭಾಗ ಮೇಲೇಳುತ್ತದೆ. ಹೊರಗಿನ ಚಕ್ರ ಒಳಕ್ಕೆ ಮಡಚುತ್ತದೆ. ಟೈರು ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಹೋಗುತ್ತದೆ, ಹಿಂಭಾಗ ಸುತ್ತುತ್ತದೆ. ಟ್ರಯಂಫ್‌ನವರೇ 1966ರಲ್ಲಿ ಇದೇ ಚಾಸಿಗೆ 2 ಲೀಟರ್ ಆರು ಸಿಲಿಂಡರ್ ಎಂಜಿನ್ ಹಾಕಿ ಜಿಟಿ6 ಅಂತ ಮಾರಿದರು. 95 ಹಾರ್ಸ್‌ಪವರ್. ಹಿಂದಿನ ಆಕ್ಸಲ್ ಹಾಗೇ ಬಿಟ್ಟಿದ್ದರು. ಎಲ್ಲರೂ ದೂರಿದ್ದು ಅದನ್ನೇ. 1968ರ ಮಾರ್ಕ್ 2 ಜಿಟಿ6ಗೆ ಹಿಂದಿನ ಸಸ್ಪೆನ್ಷನ್ನೇ ಬದಲಿಸಬೇಕಾಯಿತು. ಗಾಡಿ ಮಾಡಿದವರೇ ಎಂಜಿನ್ ಮೊದಲು ಹಾಕಿ ಆಕ್ಸಲ್ ಆಮೇಲೆ ಸರಿ ಮಾಡಿದರು. ನೀವು ಆ ತಪ್ಪು ಮಾಡಬೇಡಿ.

ಗಿರಿ_ರಸ್ತೆ · ನವೆಂಬರ್ 5

ತುಂಬಾ ಥ್ಯಾಂಕ್ಸ್. ಬೆಳಿಗ್ಗೆಯೇ ಹೋಗಿ ನೋಡಿದೆ. ಟ್ರನಿಯನ್‌ಗೆ ಗ್ರೀಸ್ ನಿಪ್ಪಲ್ ಹಾಕಿದ್ದಾರೆ, ಒಳಗೆಲ್ಲ ಕಪ್ಪು ಗ್ರೀಸು ಒಣಗಿದೆ. ಎಡಗಡೆ ಸಿಲ್ಲನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದೆ, ಒಳಗೆ ಹೋಗಿಬಿಟ್ಟಿತು. ಬಲಗಡೆ ಪರವಾಗಿಲ್ಲ.

ಬೇಜಾರಾಯಿತು. ಆದರೆ ಈಗಲೇ ಗೊತ್ತಾಯಿತಲ್ಲ. ಸಿಲ್ ಕತ್ತರಿಸಿ ಹೊಸ ತಗಡು ಹಾಕಿಸಲು ಇಲ್ಲಿ ಟಿಂಕರಿಂಗ್‌ನವರ ಹತ್ತಿರ ಬಿಡಬಹುದಾ?

ಹಾಸನ_ಲೇತ್ · ನವೆಂಬರ್ 5

ಬಿಡಬಹುದು, ಆದರೆ ಕತ್ತರಿಸುವ ಮುಂಚೆ ನೀವೇ ಪಕ್ಕದಲ್ಲಿ ನಿಂತಿರಿ.

ನಾನು ಹಾಸನದಲ್ಲಿ ಲೇತ್ ಇಟ್ಟುಕೊಂಡಿದ್ದೇನೆ. ಇಂಥ ತೆರೆದ ಗಾಡಿ ಕೆಟ್ಟು ಬಂದಿದ್ದನ್ನು ನೋಡಿದ್ದೇನೆ. ಚಾವಣಿ ಇಲ್ಲದ ಮನೆಯ ಹಾಗೆ ಇದು, ಮೇಲೆ ಹಿಡಿದಿಡಲು ಏನೂ ಇಲ್ಲ. ಸಿಲ್ ಕತ್ತರಿಸಿದ ಕೂಡಲೇ ಬಾಡಿ ಕುಸಿಯುತ್ತದೆ. ಬಾಗಿಲು ಮುಚ್ಚಿದ ಸಂದು ಮೇಲೆ ಕೆಳಗೆ ಎಷ್ಟಿದೆ ಅಂತ ಅಳೆದು ಬರೆದಿಡಿ. ಆಮೇಲೆ ಬಾಗಿಲು ತೆಗೆದು ಆ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಚೌಕ ಪೈಪ್ ತಾತ್ಕಾಲಿಕ ವೆಲ್ಡ್ ಮಾಡಿಸಿ. ಗಾಡಿ ಜ್ಯಾಕ್ ಮೇಲೆ ತೂಗಾಡಬಾರದು, ನಾಲ್ಕೂ ಚಕ್ರದ ಮೇಲೆ ಅಥವಾ ಚಾಸಿ ಕೆಳಗೆ ಸಮವಾಗಿ ಕಟ್ಟೆ ಕೊಟ್ಟು ನಿಲ್ಲಿಸಿ. ಒಂದು ಪಕ್ಕ ಪೂರ್ತಿ ಮುಗಿದ ಮೇಲೆ ಇನ್ನೊಂದು ಪಕ್ಕ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಬಾಗಿಲು ಮತ್ತೆ ಜನ್ಮದಲ್ಲಿ ಸರಿ ಕೂರಲ್ಲ.

ನೀವು ಬರೆದಿದ್ದರಲ್ಲಿ ಒಂದು ಮಾತು ಯಾರೂ ಗಮನಿಸಲಿಲ್ಲ. ಕ್ಲಚ್ ಒತ್ತಿದರೆ ಸದ್ದು ಬದಲಾಗುತ್ತದೆ ಅಂದಿರಿ. ಬಾನೆಟ್ ಎತ್ತಿ, ಒಬ್ಬರು ಕ್ಲಚ್ ಒತ್ತಲಿ, ನೀವು ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡಿ. ಅದು ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಆಡಿದರೆ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯದ ಹಾಗೆ ತಡೆಯುವ ಬಿಲ್ಲೆ) ಸವೆದಿದೆ. ಸರಿಯಿದ್ದರೆ ಆಟ 0.1ರಿಂದ 0.2 ಮಿಲಿಮೀಟರ್ ಅಷ್ಟೇ. ಜಾಸ್ತಿ ಸವೆದರೆ ವಾಷರ್ ಎಂಜಿನ್ ಅಡಿಯ ಎಣ್ಣೆ ತೊಟ್ಟಿಗೆ, ಅಂದರೆ ಸಂಪಿಗೆ, ಬೀಳುತ್ತದೆ, ಕ್ರ್ಯಾಂಕ್ ಬ್ಲಾಕನ್ನೇ ಕೊರೆಯುತ್ತದೆ. ಆಗ ಬ್ಲಾಕ್ ಹೋದ ಹಾಗೆ. ಸಂಪ್ ಇಳಿಸಿದರೆ ಎಂಜಿನ್ ಬಿಚ್ಚದೆ ವಾಷರ್ ಬದಲಿಸಬಹುದು. ಹೊಸ ಎಂಜಿನ್ ಹಾಕುವ ಯೋಚನೆ ಇದ್ದರೂ ಇದನ್ನು ಮಾಡಿಸಿ. ಅಜ್ಜನ ಎಂಜಿನ್ ಅದು, ನಂಬರ್ ಹೊಂದುವ ಎಂಜಿನ್ ಅದು.

ಗಿರಿ_ರಸ್ತೆ · ನವೆಂಬರ್ 5

ಈಗಷ್ಟೇ ನೋಡಿಬಂದೆ. ಪುಲ್ಲಿ ಆಡುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಗಾಡಿ ನಿಲ್ಲಿಸಿದ್ದೇನೆ.

ಚಾರ್ಮಾಡಿ_ಮಳೆ · ನವೆಂಬರ್ 7

ಬ್ರೇಕ್ ಬಗ್ಗೆ ಯಾರೂ ಮಾತಾಡಲಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ. ನನ್ನ ಮನೆ ಕೊಟ್ಟಿಗೆಹಾರ. ವಾರಕ್ಕೆ ಎರಡು ಸಲ ಘಾಟಿ ಇಳಿದು ಹತ್ತುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಹಳೇ ಕಾರಿನಲ್ಲಿ ಇಳಿಯುತ್ತಿದ್ದೆ. ಗಾಡಿ ಭಾರ ಇರಲಿಲ್ಲ, ವೇಗವೂ ಇರಲಿಲ್ಲ. ಮುಂದೆ ಲಾರಿ ಇತ್ತು, ಹಾಗಾಗಿ ಇಡೀ ಘಾಟಿ ಕಾಲು ಬ್ರೇಕ್ ಮೇಲೇ ಇತ್ತು. ಅರ್ಧ ಇಳಿದ ಮೇಲೆ ಪೆಡಲ್ ಮೆತ್ತಗಾಯಿತು, ಮುಂದಿನ ತಿರುವಿಗೆ ನೆಲ ಮುಟ್ಟಿತು. ಒಂದನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಮತ್ತೆ ಗಟ್ಟಿ! ಬ್ರೇಕ್ ಆಯಿಲ್ ಕುದಿದಿತ್ತು, ಅಷ್ಟೇ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಹೀರಿಕೊಂಡ ಮೇಲೆ ಆ ಲೆಕ್ಕ 155 ಡಿಗ್ರಿಗೆ ಇಳಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗಲ್ಲ. ಅಂಥಾ ಊರಲ್ಲಿ ಆಯಿಲ್ ಎರಡು ವರ್ಷ ಇಡಬಾರದು. ನಾನು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸುತ್ತೇನೆ.

ಇನ್ನು ನಿಮ್ಮ ಗಾಡಿ. ಮುಂದೆ ಡಿಸ್ಕ್ ಇದೆ, ಹಿಂದೆ ಡ್ರಮ್, ಅದು ಒಳ್ಳೆಯದು. ಆದರೆ ಆ ಕಾಲದ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಹೋಯಿತು. ಮೊದಲು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿಸಿ, ಎಲ್ಲ ರಬ್ಬರ್ ಪೈಪ್ ಹೊಸದು ಹಾಕಿಸಿ. ನೀವು 80ರಲ್ಲಿ ಹೋಗುತ್ತಿದ್ದವರು ಹೊಸ ಎಂಜಿನ್ ಬಂದ ಮೇಲೆ 100ರಲ್ಲಿ ಹೋಗುತ್ತೀರಿ. ವೇಗ ಹೆಚ್ಚಾಗಿದ್ದು ಕಾಲು ಪಾಲು, ಬ್ರೇಕ್ ತಿನ್ನಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಇದನ್ನು ಮಾಡದೆ ಎಂಜಿನ್ ಹಾಕಿಸುವುದಾದರೆ ದಯವಿಟ್ಟು ಘಾಟಿ ಕಡೆ ಬರಬೇಡಿ.

ಜಿಪ್ಸಿ1300 · ನವೆಂಬರ್ 7

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಒಂದು ವಾರ ಅಂದಿದ್ದು ಎಂಜಿನ್ ಕೂರಿಸುವ ಕೆಲಸಕ್ಕೆ ಮಾತ್ರ. ಈ ಬ್ರೇಕು ಸಿಲ್ಲು ಎಲ್ಲ ನನ್ನ ತಲೆಗೆ ಬಂದಿರಲಿಲ್ಲ, ಜಿಪ್ಸಿಯಲ್ಲಿ ಗಟ್ಟಿ ಚಾಸಿ ನೋಡಿ ಅಭ್ಯಾಸ.

ಕಾಗದ_ಪತ್ರ · ನವೆಂಬರ್ 9

ಕಹಿ ಅನ್ನಿಸಿದರೂ ಇದನ್ನು ಹೇಳಲೇಬೇಕು. ಎಂಜಿನ್‌ಗೆ ದುಡ್ಡು ಕೊಡುವ ಮುಂಚೆ ಕಾಗದ ನೋಡಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ನಂಬರ್ ನಿಮ್ಮ ಆರ್‌ಸಿಯಲ್ಲಿ ಇದೆ. ಬೇರೆ ಕಂಪನಿಯ ಎಂಜಿನ್ ಹಾಕಿ ಸುಮ್ನೆ ರಸ್ತೆಗೆ ಇಳಿದರೆ ದಂಡ ಸಣ್ಣ ವಿಷಯ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಆ ನಂಬರನ್ನೇ. ಇನ್ನೊಬ್ಬರಿಗೆ ಪೆಟ್ಟಾದರೆ ಪರಿಹಾರ ನಿಮ್ಮ ತೋಟದ ಮೇಲೆ ಬರಬಹುದು.

ಇನ್ನೊಂದು ದಾರಿಯೂ ಇದೆ, ಅದನ್ನೂ ತೂಗಿ ನೋಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಫೀಸ್ 20,000 ರೂಪಾಯಿ, ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ ವಿಎ ಅಂತ ಬರುತ್ತದೆ. ನಿಮ್ಮ ಗಾಡಿಯ ವಯಸ್ಸು ಸಾಕು. ಆದರೆ ಎರಡು ಷರತ್ತು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಮತ್ತೆ ದಿನನಿತ್ಯ ಓಡಿಸುವ ಹಾಗಿಲ್ಲ, ಪ್ರದರ್ಶನ, ವಿಂಟೇಜ್ ರ್‍ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ಜಿಪ್ಸಿ ಎಂಜಿನ್ ಹಾಕಿದ ದಿನ ಆ ಬಾಗಿಲು ಮುಚ್ಚುತ್ತದೆ.

ನಿಮ್ಮದು ಈಗ ಸಾಮಾನ್ಯ ನೋಂದಣಿಯಲ್ಲೇ ಇದೆಯಾ? ಎಫ್‌ಸಿ ಇದೆಯಾ?

ಗಿರಿ_ರಸ್ತೆ · ನವೆಂಬರ್ 9

ಸಾಮಾನ್ಯ ನೋಂದಣಿ, ನವೀಕರಣ ಆಗಿದೆ, ಇನ್ನೂ ಮೂರು ವರ್ಷ ಇದೆ. ಅಜ್ಜನ ಕಾಲದ ಪುಸ್ತಕವೂ ಇದೆ.

ವಿಂಟೇಜ್ ನಂಬರ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಗಾಡಿಯನ್ನು ಓಡಿಸಬೇಕು ಅನ್ನುವುದೇ ನನ್ನ ಆಸೆ. ಶೆಡ್ಡಿನಲ್ಲಿ ನಲವತ್ತು ವರ್ಷ ನಿಂತಿದ್ದನ್ನು ಮತ್ತೆ ನಿಲ್ಲಿಸಲು ಮನಸ್ಸು ಬರಲ್ಲ.

ಜಿಪ್ಸಿ1300 · ನವೆಂಬರ್ 10

ಎಷ್ಟು ಜನ ಎಂಜಿನ್ ಬದಲಿಸಿ ಓಡಿಸುತ್ತಿಲ್ಲ ಹೇಳಿ? ಕೆಎ 18ರಲ್ಲೂ ಇವೆ, ಕೆಎ 13ರಲ್ಲೂ ಇವೆ. ಯಾರು ಬಾನೆಟ್ ಎತ್ತಿ ನೋಡುತ್ತಾರೆ?

ಕಾಗದ_ಪತ್ರ · ನವೆಂಬರ್ 10

ಏನೂ ಆಗದಿದ್ದರೆ ಯಾರೂ ನೋಡಲ್ಲ, ನಿಜ. ಏನಾದರೂ ಆದ ದಿನ ಎಲ್ಲರೂ ನೋಡುತ್ತಾರೆ. ನಾನು ಇವರಿಗೆ ಹೇಳುವುದಿಷ್ಟೇ: ಆರ್‌ಟಿಒಗೆ ಮೊದಲೇ ಅರ್ಜಿ ಬರೆದು, ಸ್ವೀಕೃತಿ ಪಡೆದು, ಲಿಖಿತ ಉತ್ತರ ಬರುವವರೆಗೆ ಎಂಜಿನ್ ಬದಲಿಸಬೇಡಿ. ಉತ್ತರ ಬೇಡ ಅಂತ ಬಂದರೆ ಹಳೇ ಎಂಜಿನ್‌ನಲ್ಲೇ ಓಡಿಸಿ.

ಹಾಸನ_ಲೇತ್ · ನವೆಂಬರ್ 10

ಇದಕ್ಕೆ ನನ್ನ ಸಲಹೆ ಕೇಳಿ. ನೀವು ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲಿಗೆ ಎಂಜಿನ್ ಯಾವುದು ಅನ್ನುವುದು ಮುಖ್ಯವೇ ಅಲ್ಲ. ಸಿಲ್, ಟ್ರನಿಯನ್, ಬ್ರೇಕ್, ಹಿಂದಿನ ಸ್ಪ್ರಿಂಗ್, ಟೈರ್, ರೇಡಿಯೇಟರ್. ಇದೆಲ್ಲ ಹಳೇ ಎಂಜಿನ್‌ಗೂ ಬೇಕು, ಹೊಸದಕ್ಕೂ ಬೇಕು. ಅದನ್ನೆಲ್ಲ ಹಳೇ ಎಂಜಿನ್ ಇಟ್ಟುಕೊಂಡೇ ಮುಗಿಸಿ. ಒಂದು ಮಳೆಗಾಲ ಓಡಿಸಿ. ಯಾವ ಸದ್ದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿ ರಸ್ತೆಗೆ ಇಳಿದರೆ ನಡುಕ ಬಂದಾಗ ಅದು ಪ್ರೊಪೆಲ್ಲರ್ ಶಾಫ್ಟಿನದೋ, ಎಂಜಿನ್ ಮೌಂಟಿಂಗ್‌ದೋ, ಚಕ್ರದ್ದೋ ಅಂತ ಹುಡುಕಿ ಸಾಯಬೇಕು.

ಆಮೇಲೆ ಎಂಜಿನ್ ಹಾಕುವುದೇ ಆದರೆ ಚಾಸಿಯ ಒಂದು ಇಂಚನ್ನೂ ಕತ್ತರಿಸದೆ ಬೋಲ್ಟ್ ಹಾಕುವ ಬ್ರ್ಯಾಕೆಟ್ ಮಾಡಿಕೊಡುತ್ತೇನೆ. ಬೇಡ ಅನ್ನಿಸಿದ ದಿನ ಅಜ್ಜನ ಎಂಜಿನ್ ಅದೇ ತೂತಿಗೆ ವಾಪಸ್ ಕೂರಬೇಕು.

ಗಿರಿ_ರಸ್ತೆ · ನವೆಂಬರ್ 11

ಈ ದಾರಿಯೇ ಸರಿ ಅನ್ನಿಸಿತು. ಎಂಜಿನ್ ಇಟ್ಟುಕೊಂಡವರಿಗೆ ಸದ್ಯಕ್ಕೆ ಬೇಡ ಅಂದೆ. ಕೊಯ್ಲು ಶುರುವಾಗುತ್ತಿದೆ, ಜನವರಿವರೆಗೆ ನನಗೆ ತಲೆ ಎತ್ತಲು ಆಗಲ್ಲ. ಆಮೇಲೆ ಬರೆಯುತ್ತೇನೆ.

ಗಿರಿ_ರಸ್ತೆ · ಫೆಬ್ರವರಿ 8

ತಡವಾಯಿತು, ಕ್ಷಮಿಸಿ. ಅರೇಬಿಕಾ ಮುಗಿಯಿತು, ರೋಬಸ್ಟಾ ಇನ್ನೂ ಸ್ವಲ್ಪ ಇದೆ. ರಾತ್ರಿ ಹೊತ್ತು ಗಾಡಿ ಕೆಲಸ ಮಾಡುತ್ತಿದ್ದೆ. ಆಗಿದ್ದು ಇಷ್ಟು.

ಎಡಗಡೆ ಸಿಲ್ ಪೂರ್ತಿ ಹೊಸದು. ಬಾಗಿಲ ಜಾಗಕ್ಕೆ ಅಡ್ಡ ಪೈಪ್ ಹಾಕಿಯೇ ಕತ್ತರಿಸಿದೆವು. ಕೆಲಸ ಮುಗಿದು ಪೈಪ್ ತೆಗೆದು ಬಾಗಿಲು ಕೂರಿಸಿದಾಗ ಸಂದು ಬರೆದಿಟ್ಟ ಅಳತೆಗಿಂತ 1 ಮಿಲಿಮೀಟರ್ ಮಾತ್ರ ವ್ಯತ್ಯಾಸ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಟ್ರನಿಯನ್ ಎರಡೂ ಬಿಚ್ಚಿದೆವು. ಬಲಗಡೆಯ ಕಡ್ಡಿಯ ತಿರುಪಿನ ಬುಡದಲ್ಲಿ ತುಕ್ಕು ಗುಳಿ ಬಿದ್ದಿತ್ತು, ಉಗುರು ಸಿಕ್ಕುವಷ್ಟು ಆಳ. ಹೆರಾಲ್ಡ್_ಮನೆ ಅವರೇ, ನೀವು ಅವತ್ತು ಬರೆಯದೇ ಇದ್ದಿದ್ದರೆ ನಾನು ಅದರ ಮೇಲೇ ಗಿರಿ ಹತ್ತುತ್ತಿದ್ದೆ. ಎರಡೂ ಕಡೆ ಹೊಸದು ಹಾಕಿ ಇಪಿ 90 ತುಂಬಿದ್ದೇನೆ.

ಥ್ರಸ್ಟ್ ವಾಷರ್ ಬದಲಿಸಿದೆವು. ಒಂದು ಅರ್ಧ ಸವೆದಿತ್ತು, ಇನ್ನೊಂದು ಕಾಗದದ ಹಾಗೆ. ಬ್ಲಾಕಿಗೆ ಏಟಾಗಿಲ್ಲ. ಬ್ರೇಕ್ ಎರಡು ಸರ್ಕ್ಯೂಟ್ ಆಯಿತು, ಎಲ್ಲ ಪೈಪ್ ಹೊಸದು. ಟೈರ್ 155/80 ಆರ್ 13. ಆರ್‌ಟಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇನೆ, ಉತ್ತರ ಬಂದಿಲ್ಲ.

ಉಳಿದಿರುವುದು ಹಿಂದಿನ ಸ್ಪ್ರಿಂಗ್ ಮತ್ತೆ ರೇಡಿಯೇಟರ್. ಸ್ಪ್ರಿಂಗ್‌ಗೆ ಏನು ಮಾಡಲಿ?

ಹೆರಾಲ್ಡ್_ಮನೆ · ಫೆಬ್ರವರಿ 8

ಆ ಕಡ್ಡಿಯನ್ನು ಬಿಸಾಡಬೇಡಿ, ಹಳೇ ಗಾಡಿ ಕೊಳ್ಳಲು ಬರುವ ಪ್ರತಿಯೊಬ್ಬರಿಗೂ ತೋರಿಸಿ.

ಸ್ಪ್ರಿಂಗ್‌ಗೆ ನನ್ನ ಆಯ್ಕೆ ಸ್ವಿಂಗ್ ಸ್ಪ್ರಿಂಗ್. 1970ರಲ್ಲಿ ಬಂದ ಮಾರ್ಕ್ 4 ಸ್ಪಿಟ್‌ಫೈರ್‌ಗೆ ಟ್ರಯಂಫ್‌ನವರೇ ಹಾಕಿದ್ದು. ನಿಮ್ಮ ಗಾಡಿಯಲ್ಲಿ ಸ್ಪ್ರಿಂಗಿನ ಎಲ್ಲ ಪಟ್ಟಿಗಳನ್ನೂ ಡಿಫರೆನ್ಷಿಯಲ್ ಮೇಲೆ ಬಿಗಿದಿದ್ದಾರೆ. ಸ್ವಿಂಗ್ ಸ್ಪ್ರಿಂಗಿನಲ್ಲಿ ಕೆಳಗಿನ ಒಂದೇ ಪಟ್ಟಿ ಬಿಗಿ, ಉಳಿದವು ನಡುವಿನಲ್ಲಿ ತಕ್ಕಡಿಯ ಹಾಗೆ ತೂಗಾಡುತ್ತವೆ. ಗಾಡಿ ವಾಲಿದಾಗ ಹಿಂಭಾಗ ಗಟ್ಟಿ ನಿಂತು ಚಕ್ರವನ್ನು ಮಡಚುವುದಿಲ್ಲ. ವಾಲುವುದು ಜಾಸ್ತಿ ಆಗುತ್ತದೆ, ಅದಕ್ಕೇ ವಾಲುವುದನ್ನು ತಡೆಯುವ ಮುಂದಿನ ಕಂಬಿ, ಆಂಟಿ ರೋಲ್ ಬಾರ್, ದಪ್ಪದ್ದು ಹಾಕಬೇಕು. ಎರಡೂ ಜೋಡಿ. ಒಂದು ಮಾತ್ರ ಹಾಕಬೇಡಿ. ಕೊಳ್ಳುವ ಮುಂಚೆ ಡಿಫರೆನ್ಷಿಯಲ್ ಮೇಲಿನ ಬೋಲ್ಟ್ ಜೋಡಣೆ ನೋಡಿ, ಹಳೇ ಮಾದರಿಯದು ಹೊಸದಕ್ಕೆ ಹೊಂದಲ್ಲ.

ಹಾಸನ_ಲೇತ್ · ಫೆಬ್ರವರಿ 9

ರೇಡಿಯೇಟರ್ ವಿಷಯ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ 1,900 ದಾಟುತ್ತದೆ. ಮೇಲೆ ಹೋದ ಹಾಗೆ ನೀರು ಬೇಗ ಕುದಿಯುತ್ತದೆ, ಊರಿನಲ್ಲೇ 96, 97 ಡಿಗ್ರಿಗೆ. ರೇಡಿಯೇಟರ್ ಮುಚ್ಚಳದ ಒತ್ತಡವೇ ನಿಮ್ಮನ್ನು ಕಾಯುವುದು. ಒಂದು ಪಿಎಸ್ಐ ಒತ್ತಡಕ್ಕೆ ಸುಮಾರು ಒಂದೂವರೆ ಡಿಗ್ರಿ ಕುದಿಯುವ ಬಿಂದು ಮೇಲಕ್ಕೆ ಹೋಗುತ್ತದೆ. ಹಳೇ ಮುಚ್ಚಳದ ಸ್ಪ್ರಿಂಗ್ ಸತ್ತಿರುತ್ತದೆ. ರೇಡಿಯೇಟರ್ ಬಿಚ್ಚಿ ಒಳಗೆ ಕಡ್ಡಿ ಹಾಯಿಸಿ ತೊಳೆಸಿ, ಹೊಸ ಮುಚ್ಚಳ ಹಾಕಿ.

ಗೇರ್ ಲೆಕ್ಕವೂ ಹಾಕಿದೆ, ಜಿಪ್ಸಿ ಗೇರ್‌ಬಾಕ್ಸ್ ಬಂದರೆ ಏನಾಗುತ್ತದೆ ಅಂತ. ನಿಮ್ಮ ಡಿಫರೆನ್ಷಿಯಲ್ ಅನುಪಾತ 4.11. ಈ ಟೈರ್ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಹೋಗುತ್ತದೆ. ಈಗ ನಾಲ್ಕನೇ ಗೇರಿನಲ್ಲಿ 100ಕ್ಕೆ ಎಂಜಿನ್ ಹತ್ತಿರ ಹತ್ತಿರ 3800 ಆರ್‌ಪಿಎಂ ತಿರುಗುತ್ತದೆ. ಜಿಪ್ಸಿಯ ಐದನೇ ಗೇರ್ 0.8ರ ಆಸುಪಾಸು, ಅದೇ ವೇಗಕ್ಕೆ 3000. ಬೇಲೂರು ರಸ್ತೆಯಲ್ಲಿ ಹಾಸನಕ್ಕೆ ಬರುವಾಗ ಕಿವಿಗೆ ಆರಾಮ. ಡಿಫರೆನ್ಷಿಯಲ್ ಬದಲಿಸುವ ಅಗತ್ಯ ಇಲ್ಲ, ಘಾಟಿ ಹತ್ತಲು ಇದೇ ಒಳ್ಳೆಯದು.

ಜಿಪ್ಸಿ1300 · ಫೆಬ್ರವರಿ 9

ವೈರಿಂಗ್ ಮರೆಯಬೇಡಿ ಸಾರ್. ನಿಮ್ಮ ಗಾಡಿಯಲ್ಲಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ) ಮತ್ತೆ ಡೈನಮೋ. ಇಂಜೆಕ್ಷನ್ ಕಂಪ್ಯೂಟರ್‌ಗೆ ನೆಗೆಟಿವ್ ಅರ್ತ್ ಬೇಕು. ತಿರುಗು ಮುರುಗಾಗಿ ಕೊಟ್ಟರೆ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪೆಟ್ರೋಲ್ ಪೈಪೂ ಹಾಗೇ. ಎಸ್‌ಯು ಕಾರ್ಬೊರೇಟರ್‌ಗೆ ಪಂಪು ಕೊಡುವುದು ಎರಡು ಮೂರು ಪಿಎಸ್ಐ, ಇಂಜೆಕ್ಷನ್‌ಗೆ ಅದರ ಹತ್ತು ಪಟ್ಟಿಗೂ ಜಾಸ್ತಿ. ಹಳೇ ಪೈಪ್ ಬಿಸಿ ಎಂಜಿನ್ ಮೇಲೆ ಸೀಳಿದರೆ ಬೆಂಕಿಯೇ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್‌ವರೆಗೆ ಎಥೆನಾಲ್ ಸೇರಿದ ಪೆಟ್ರೋಲ್, ಅದು ಹಳೇ ರಬ್ಬರನ್ನು ತಿನ್ನುತ್ತದೆ. ಹಾಗಾಗಿ ಕಾರ್ಬೊರೇಟರ್ ಇಟ್ಟುಕೊಂಡರೂ ಪೈಪು, ವಾಷರ್ ಎಲ್ಲ ಈಗಲೇ ಎಥೆನಾಲ್ ತಡೆಯುವಂಥದ್ದು ಹಾಕಿಸಿ.

ಗಿರಿ_ರಸ್ತೆ · ಮಾರ್ಚ್ 22

ಮೊನ್ನೆ ಹೂ ಮಳೆ ಬಂತು. ತೋಟವೆಲ್ಲ ಬೆಳ್ಳಗೆ. ಅದೇ ವಾರ ಸ್ಪ್ರಿಂಗ್ ಮತ್ತೆ ದಪ್ಪ ಬಾರ್ ಕೂರಿಸಿ ಮುಗಿಸಿದೆವು. ನಿನ್ನೆ ಬೆಳಿಗ್ಗೆ ಆರು ಗಂಟೆಗೆ ಹೊರಟು ಮೂಡಿಗೆರೆ ಮೇಲೆ ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಅರ್ಧ ಇಳಿದು ವಾಪಸ್. ರಸ್ತೆ ಒದ್ದೆ ಇತ್ತು.

ಇಳಿಯುವಾಗ ಎರಡನೇ ಗೇರ್, ಕಾಲು ಬ್ರೇಕ್ ಮೇಲೆ ಒತ್ತಿ ಬಿಟ್ಟು ಒತ್ತಿ ಬಿಟ್ಟು. ಪೆಡಲ್ ಕೊನೆವರೆಗೂ ಒಂದೇ ಎತ್ತರದಲ್ಲಿ ಇತ್ತು. ಒಂದು ತಿರುವಿನಲ್ಲಿ ಎದುರಿಗೆ ದನ ಬಂತು, ನಾನು ಬೇಕಂತ ಅಲ್ಲ, ಹೆದರಿ ಆಕ್ಸಲರೇಟರ್ ಪೂರ್ತಿ ಬಿಟ್ಟೆ. ಮೊದಲಿನ ಗಾಡಿಯಾಗಿದ್ದರೆ ಹಿಂಭಾಗ ಎದ್ದು ನಿಲ್ಲುತ್ತಿತ್ತು. ಈ ಸಲ ವಾಲಿತು, ಹಿಡಿದುಕೊಂಡಿತು, ನೇರ ನಿಂತಿತು. ಅಷ್ಟೇ.

ಹತ್ತುವಾಗ ಕಷ್ಟ ಹಾಗೇ ಇದೆ. ನೀಲಿ ಹೊಗೆ, ಎರಡನೇ ಗೇರ್, ಹಿಂದೆ ಬಸ್ಸಿನ ಹಾರ್ನ್. ಗಾಡಿ ಈಗ ಎಂಜಿನ್‌ಗಿಂತ ಮುಂದೆ ಹೋಗಿದೆ, ಎಂಜಿನ್ ಅದನ್ನು ಹಿಡಿಯಬೇಕು ಅನ್ನಿಸಿತು. ಹಾಗಾಗಿ ಆಸೆ ಬಿಟ್ಟಿಲ್ಲ. ಆರ್‌ಟಿಒ ಕಡೆಯಿಂದ ಇನ್ನೂ ಕೆಲವು ದಾಖಲೆ ಕೇಳಿದ್ದಾರೆ, ಎಂಜಿನ್ ಯಾವ ಗಾಡಿಯದು, ಅದರ ಮೂಲ ಕಾಗದ ಎಲ್ಲಿದೆ ಅಂತ.

ಕಾಯುವಷ್ಟು ದಿನ ಸುಮ್ನೆ ಕೂರುವ ಬದಲು ಅಳತೆ ಮಾಡಿಟ್ಟುಕೊಳ್ಳೋಣ ಅಂತ. ಸಂಪಿನ ಆಳದ ಭಾಗ ಸ್ಟೀರಿಂಗ್ ರ್‍ಯಾಕಿಗೆ ತಾಗುತ್ತದಾ, ಗೇರ್ ಲಿವರ್ ಎಲ್ಲಿ ಏಳುತ್ತದೆ, ಇವೆರಡು ಗೊತ್ತಾಗಬೇಕು. ಪ್ಲೈವುಡ್‌ನಲ್ಲಿ ಎಂಜಿನ್ ಆಕಾರ ಕತ್ತರಿಸಿಕೊಳ್ಳುತ್ತೇನೆ. ಅಳತೆ ತೆಗೆಯಲು ಯಾರ ಹತ್ತಿರವಾದರೂ ಬಿಚ್ಚಿಟ್ಟ ಎಂಜಿನ್ ಇದೆಯಾ?

ಕಾಗದ_ಪತ್ರ · ಮಾರ್ಚ್ 22

ಎಂಜಿನ್ ಬಂದ ಗಾಡಿಯ ಆರ್‌ಸಿ ರದ್ದಾದ ಪತ್ರ ಮತ್ತೆ ಖರೀದಿ ಬಿಲ್ ಇಲ್ಲದೆ ಯಾವ ಎಂಜಿನ್ನನ್ನೂ ಮುಟ್ಟಬೇಡಿ. ಅವರು ಕೇಳುತ್ತಿರುವುದು ಅದನ್ನೇ.

ಜಿಪ್ಸಿ1300 · ಮಾರ್ಚ್ 22

ನನ್ನ ಹತ್ತಿರ ಇದೆ ಸಾರ್. ಎಂಜಿನ್, ಗೇರ್‌ಬಾಕ್ಸ್ ಎರಡೂ ಶೆಡ್ಡಿನ ಮೂಲೆಯಲ್ಲಿ ಜೋಡಿಸಿಯೇ ಇಟ್ಟಿದ್ದೇನೆ. ಮಾರುವುದಿಲ್ಲ, ಅಳತೆ ಎಷ್ಟು ಬೇಕಾದರೂ ತೆಗೆದುಕೊಳ್ಳಿ. ಭಾನುವಾರ ಬನ್ನಿ, ಪ್ಲೈವುಡ್ ತರಬೇಡಿ, ಇಲ್ಲೇ ಇದೆ. ಗಾಡಿಯಲ್ಲೇ ಬನ್ನಿ.

ಹಾಸನ_ಲೇತ್ · ಮಾರ್ಚ್ 22

ಭಾನುವಾರ ನಾನೂ ಬರುತ್ತೇನೆ. ವರ್ನಿಯರ್ ನಾನು ತರುತ್ತೇನೆ. ಗಿರಿ_ರಸ್ತೆ ಅವರೇ, ನೀವು ಮೌಂಟಿಂಗ್ ತೂತುಗಳ ಗುರುತು ರಟ್ಟಿನ ಮೇಲೆ ಬರೆದು ತನ್ನಿ, ಮತ್ತೆ ಸ್ಟೀರಿಂಗ್ ರ್‍ಯಾಕಿನಿಂದ ಗೇರ್‌ಬಾಕ್ಸ್ ಹಿಂದಿನ ಮೌಂಟಿಂಗ್‌ವರೆಗೆ ಎಷ್ಟಿದೆ ಅಂತ ಎರಡು ಸಲ ಅಳೆದು ಬನ್ನಿ.